ಕಿಣ್ವ, ಕಿಣ್ವನ ಮತ್ತೆ ಹೂವಿನ ಘಮ: ಯಾವ ಪದ ಹಾಕ್ಲಿ?

ಎಲ್ರಿಗೂ ನಮಸ್ಕಾರ. ಹೂವಿಗೆ ಘಮ ಹೇಗೆ ಬರುತ್ತೆ ಅಂತ ಹೈಸ್ಕೂಲ್ ಮಕ್ಕಳಿಗೆ ಒಂದು ಲೇಖನ ಬರೀತಿದೀನಿ. ಅದರಲ್ಲಿ "ಕಿಣ್ವಕ್ರಿಯೆಯಿಂದ ಕಂಪು ಹುಟ್ಟುತ್ತದೆ" ಅಂತ ಒಂದು ವಾಕ್ಯ ಇದೆ. ಕರಡು ಓದಿದ ಮೇಷ್ಟ್ರೊಬ್ಬರು "ಏನ್ರೀ, ದೋಸೆ ಹಿಟ್ಟಿನ ಥರ ಹೂವೂ ಹುದುಗು ಬರುತ್ತಾ?" ಅಂತ ಕೇಳಿದ್ರು. ಕೇಳಿದ್ದು ನ್ಯಾಯವಾಗೇ ಇದೆ, ಯಾಕಂದ್ರೆ ನಮ್ಮಲ್ಲಿ ಕಿಣ್ವ ಅಂದ್ರೆ ಎಂಜೈಮ್ (ಜೀವಕೋಶದಲ್ಲಿ ರಾಸಾಯನಿಕ ಕ್ರಿಯೆಗಳನ್ನ ಬೇಗ ನಡೆಸೋ ಪ್ರೋಟೀನ್), ಕಿಣ್ವನ ಅಂದ್ರೆ ಫರ್ಮೆಂಟೇಶನ್, ಎರಡಕ್ಕೂ ಮಧ್ಯೆ ಇರೋದು ಒಂದೇ ಅಕ್ಷರ, ಅದರ ಮುಂದೆ ಕ್ರಿಯೆ ಅಂತ ಬೇರೆ ಸೇರಿಸಿಬಿಟ್ರೆ ಓದೋರು ಯಾವುದು ಅಂತ ಹಿಡೀಬೇಕು.

ಸಂಸ್ಕೃತದ ಕಿಣ್ವ ಮೂಲದಲ್ಲಿ ಹೆಂಡ ಮಾಡೋಕೆ ಹಾಕೋ ಹುದುಗು, ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಆ ಅರ್ಥದಲ್ಲೇ ಇದೆ. ಎಂಜೈಮ್ ಅನ್ನೋದಕ್ಕೂ ಗ್ರೀಕ್‌ನಲ್ಲಿ "ಹುದುಗಿನ ಒಳಗಿರೋದು" ಅಂತಾನೇ ಅರ್ಥ. ಹಾಗಾಗಿ ಪದ ಒಳ್ಳೇದೇ, ಬಿಡೋಕೆ ನನಗೆ ಮನಸ್ಸಿಲ್ಲ.

ಆದ್ರೆ ಹೂವಲ್ಲಿ ನಡೆಯೋ ಕೆಲಸವೇ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಕ್ಲಾರ್ಕಿಯಾ ಬ್ರೂವರಿ ಅಂತ ಒಂದು ಕಾಡುಹೂ ಇದೆ, ಅದಕ್ಕೆ ಜೋರು ಘಮ, ಅದರ ಹತ್ತಿರದ ನೆಂಟ ಕ್ಲಾರ್ಕಿಯಾ ಕಾನ್ಸಿನ್ನಾಗೆ ಘಮವೇ ಇಲ್ಲ ಅನ್ನಬಹುದು. ಮಿಶಿಗನ್ ಯೂನಿವರ್ಸಿಟಿಯ ಎರಾನ್ ಪಿಚರ್ಸ್ಕಿ, ನಟಾಲಿಯಾ ದುದರೇವಾ ಮತ್ತೆ ಅವರ ಜೊತೆಯವರು ಈ ಹೂವನ್ನೇ ಹಿಡ್ಕೊಂಡು ಲಿನಲೂಲ್ ಸಿಂಥೇಸ್ ಅನ್ನೋ ಕಿಣ್ವದ ಜೀನ್ ಪತ್ತೆ ಮಾಡಿ 1996ರಲ್ಲಿ ಪ್ರಕಟಿಸಿದ್ರು. ಈ ಕಿಣ್ವ ಜೆರಾನೈಲ್ ಡೈಫಾಸ್ಫೇಟ್ ಅನ್ನೋ ವಸ್ತುವನ್ನ ತಗೊಂಡು ಲಿನಲೂಲ್ ಅನ್ನೋ ಘಮದ ವಸ್ತು ಮಾಡುತ್ತೆ. ನಮ್ಮ ಮಲ್ಲಿಗೆ ಘಮದಲ್ಲೂ ಲಿನಲೂಲ್ ಇದೆ, ಜೊತೆಗೆ ಬೆಂಜೈಲ್ ಅಸಿಟೇಟ್, ಚೂರು ಇಂಡೋಲ್. ಈ ಇಂಡೋಲ್ ಜಾಸ್ತಿಯಾದ್ರೆ ಮೂಗು ಮುಚ್ಕೋಬೇಕು, ಮಲ್ಲಿಗೆಯಲ್ಲಿ ಇರೋ ಅಷ್ಟೇ ಅಷ್ಟು ಪ್ರಮಾಣದಲ್ಲಿ ಮಾತ್ರ ಹಿತವಾಗಿರುತ್ತೆ.

ಗುಲಾಬಿದು ಇನ್ನೂ ಸ್ವಾರಸ್ಯ. ಅದರ ಘಮದ ಮುಖ್ಯ ಭಾಗ ಜೆರಾನಿಯಾಲ್, ಅದನ್ನೂ ಯಾವುದೋ ಸಿಂಥೇಸೇ (ಲಿನಲೂಲ್ ಸಿಂಥೇಸ್ ಥರದ ಕಿಣ್ವವೇ) ಮಾಡುತ್ತೆ ಅಂತ ಎಲ್ರೂ ಹುಡುಕ್ತಿದ್ರು. ಫ್ರಾನ್ಸಿನ ವಿಜ್ಞಾನಿಗಳು ಘಮ ಚೆನ್ನಾಗಿರೋ ಪಾಪಾ ಮೇಯಾಂ ತಳಿಯನ್ನ ಘಮ ಕಮ್ಮಿ ಇರೋ ರೂಜ್ ಮೇಯಾಂ ಜೊತೆ ಇಟ್ಟು ನೋಡಿದಾಗ ಸಿಕ್ಕಿದ್ದು ನುಡಿಕ್ಸ್ ಅನ್ನೋ ಬೇರೆಯದೇ ಕುಟುಂಬದ ಕಿಣ್ವ, 2015ರಲ್ಲಿ ಅದು ಹೊರಗೆ ಬಂತು. ಅದೇ ಜೆರಾನೈಲ್ ಡೈಫಾಸ್ಫೇಟಿಂದ ಈ ಕಿಣ್ವ ಒಂದು ಫಾಸ್ಫೇಟ್ ಕತ್ತರಿಸುತ್ತೆ, ಉಳಿದ ಫಾಸ್ಫೇಟನ್ನ ಎಸಳಲ್ಲೇ ಇರೋ ಇನ್ನೊಂದು ಕಿಣ್ವ ತೆಗೆಯುತ್ತೆ, ಆಗ ಜೆರಾನಿಯಾಲ್. ಸಾಮಗ್ರಿ ಒಂದೇ, ಕೆಲಸ ಮಾಡೋ ಕಿಣ್ವ ಬದಲಾದ್ರೆ ಘಮವೇ ಬದಲಾಗುತ್ತೆ, ಮಕ್ಕಳಿಗೆ ನಾನು ಹೇಳಬೇಕು ಅಂತಿರೋದೇ ಇದು. ಅದಕ್ಕೇ ಪದ ಸ್ವಲ್ಪವೂ ದಾರಿ ತಪ್ಪಿಸಬಾರದು.

ಕ್ರಿಯಾಪದದಲ್ಲೂ ಒಂದು ಗೊಂದಲ ಇದೆ. "ಹೂವಿನಲ್ಲಿ ಪರಿಮಳ ಅಡಗಿದೆ" ಅಂತ ಬರೆಯೋದು ನಮಗೆ ರೂಢಿ. ಮಲ್ಲಿಗೆ ಮೊಗ್ಗು ಬೆಳಿಗ್ಗೆ ಕಿತ್ತಾಗ ಅಷ್ಟೇನೂ ಘಮ ಇರಲ್ಲ, ಗಿಡದಿಂದ ಬೇರೆಯಾದ ಮೇಲೂ ಕಿಣ್ವಗಳು ಕೆಲಸ ಮಾಡ್ತಾನೇ ಇರ್ತವೆ, ಸಾಯಂಕಾಲ ಬಿರಿಯೋ ಹೊತ್ತಿಗೆ ಕಟ್ಟಿದ ಮಾಲೆ ಮನೆ ತುಂಬಾ ಘಮ್ ಅನ್ನುತ್ತೆ. ಸುಗಂಧರಾಜನೂ ಹಾಗೇ. ಫ್ರಾನ್ಸಿನ ಗ್ರಾಸ್ ಊರಲ್ಲಿ ಅತ್ತರು ಮಾಡೋರು ಇವೆರಡನ್ನೂ ಕೊಬ್ಬು ಸವರಿದ ಗಾಜಿನ ಮೇಲೆ ಹರಡಿ ಬಿಡ್ತಿದ್ದಿದ್ದು ಇದಕ್ಕೇ, ಕಿತ್ತ ಮೇಲೆ ಹುಟ್ಟೋ ಘಮವನ್ನೂ ಕೊಬ್ಬು ಹೀರ್ಕೊಳ್ಳುತ್ತೆ. ಹಾಗಾಗಿ ಇಲ್ಲಿ "ಅಡಗಿದೆ" ಸರಿಹೋಗಲ್ಲ, "ತಯಾರಾಗುತ್ತೆ" ಅಂತಲೇ ಬರೀಬೇಕು ಅಂತ ನನಗನ್ಸುತ್ತೆ.

ಸದ್ಯಕ್ಕೆ ನಾನು ಮಾಡ್ಕೊಂಡಿರೋದು ಇಷ್ಟು: ಕಿಣ್ವಕ್ರಿಯೆ ಅನ್ನೋದನ್ನ ಪೂರ್ತಿ ಬಿಟ್ಟು "ಎಸಳಿನ ಕಿಣ್ವಗಳು ಕಂಪಿನ ವಸ್ತುಗಳನ್ನು ತಯಾರಿಸುತ್ತವೆ" ಅಂತ ಬಹುವಚನದಲ್ಲಿ ಬರೆಯೋದು, ಫರ್ಮೆಂಟೇಶನ್ ಮಾತು ಬಂದ್ರೆ ಹುದುಗುವಿಕೆ ಅಂತಲೇ ಹಾಕೋದು. ಸಿಂಥೇಸ್ ಅನ್ನೋ ಪದ ಹಾಗೇ ಇರ್ಲಿ. ಇನ್ನೊಂದು ಉಳೀತು, ಈ ವಸ್ತುಗಳು ಬೇಗ ಆವಿಯಾಗಿ ಗಾಳಿಗೆ ಸೇರೋ ಗುಣಕ್ಕೆ ಬಾಷ್ಪಶೀಲ ಅಂತಾರಲ್ಲ, ಹೈಸ್ಕೂಲ್ ಮಕ್ಕಳಿಗೆ ಅದು ಸಲೀಸಾಗಿ ಅರ್ಥ ಆಗುತ್ತಾ? ಕ್ಲಾಸಲ್ಲಿ ಕನ್ನಡದಲ್ಲೇ ಪಾಠ ಮಾಡೋರು ಇಲ್ಲಿ ಇದೀರಲ್ಲ, ನೀವು ಹುಡುಗರ ಹತ್ರ ಯಾವ ಪದ ಬಳಸ್ತೀರಿ, ದಯವಿಟ್ಟು ತಿಳಿಸಿ.