ಲಂಡನ್ನಿನ 7/7 ಸ್ಮಾರಕಗಳಿಗೆ ಮಾವನನ್ನು ಕರೆದುಕೊಂಡು ಹೋಗಬೇಕು, ದಾರಿ ಹೇಳ್ತೀರಾ?

ಯೂಸ್ಟನ್_ಸೊಸೆ:

ಎಲ್ಲರಿಗೂ ನಮಸ್ಕಾರ. ನಾನು ಯೂಸ್ಟನ್ ಹತ್ತಿರ ಕೆಲಸ ಮಾಡುತ್ತೇನೆ. ಬಿಸಿಲಿದ್ದರೆ ಊಟದ ಡಬ್ಬಿ ಹಿಡಿದು ಟ್ಯಾವಿಸ್ಟಾಕ್ ಸ್ಕ್ವೇರ್ ಪಾರ್ಕಿಗೆ ಹೋಗುತ್ತೇನೆ. ಅಲ್ಲಿ ನಡುವೆ ಗಾಂಧೀಜಿ ಕೂತಿದ್ದಾರೆ, ಅವರೆದುರು ನನ್ನ ಬೆಂಚು. ಎರಡು ವರ್ಷ ಹೀಗೇ ಉಂಡು ಎದ್ದು ಬಂದಿದ್ದೇನೆ. ಅದೇ ಪಾರ್ಕಿನಲ್ಲಿ 13 ಹೆಸರುಗಳ ಸ್ಮಾರಕ ಇರುವುದು ಕಣ್ಣಿಗೆ ಬಿದ್ದದ್ದು ಹೋದ ವಾರ. 2005ರ ಜುಲೈ 7ರಂದು 30ನೇ ನಂಬರ್ ಬಸ್ಸಿನಲ್ಲಿ ಬಾಂಬ್ ಸಿಡಿದು ಸತ್ತವರು. ಅದೇ ದಿನ ಸುರಂಗ ರೈಲುಗಳಲ್ಲೂ ಬಾಂಬ್ ಸಿಡಿದು ಜನ ಸತ್ತಿದ್ದರು. ಇಷ್ಟು ದಿನ ನೋಡದೇ ಹೋದೆನಲ್ಲ ಅಂತ ತುಂಬಾ ಬೇಜಾರಾಯಿತು.

ಮುಂದಿನ ತಿಂಗಳು ಮಾವ ಬರುತ್ತಿದ್ದಾರೆ. 74 ವರ್ಷ, ಮೊಣಕಾಲು ನೋವು. 31 ವರ್ಷ ಮುಂಬೈಯಲ್ಲಿದ್ದವರು. ಚರ್ಚ್‌ಗೇಟಿನಿಂದ ಬೋರಿವಲಿಗೆ ಫಸ್ಟ್ ಕ್ಲಾಸ್ ಪಾಸು. 2006ರ ಜುಲೈ 11ರ ಸಂಜೆ 11 ನಿಮಿಷದೊಳಗೆ ಏಳು ಲೋಕಲ್‌ಗಳ ಫಸ್ಟ್ ಕ್ಲಾಸ್ ಡಬ್ಬಿಗಳಲ್ಲಿ ಬಾಂಬ್ ಸಿಡಿದಾಗ ಅವರಿನ್ನೂ ಆಫೀಸಿನಲ್ಲಿದ್ದರು. ಒಂದು ಫೈಲ್ ಮುಗಿದಿರಲಿಲ್ಲ, ಅಷ್ಟೇ. ದಿನಾ ಅವರ ಜೊತೆ ರೈಲಿನಲ್ಲಿ ಇಸ್ಪೀಟು ಆಡುತ್ತಿದ್ದ ಗೆಳೆಯರು ಮನೆಗೆ ಮರಳಲಿಲ್ಲ. ಆಮೇಲೆ ಪ್ರತಿವರ್ಷ ಆ ದಿನ ಮಾವ ಮಾಹಿಮ್ ಸ್ಟೇಷನ್ನಿಗೆ ಹೂ ಇಡಲು ಹೋಗುತ್ತಿದ್ದರು. ಕಾರ್ಕಳಕ್ಕೆ ಬಂದು ನೆಲೆಸಿದ ಮೇಲೆ ಅದೂ ನಿಂತಿತು.

ಫೋನಿನಲ್ಲಿ ಈ ಪಾರ್ಕಿನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಉಳಿದವರ ಹೆಸರು ಎಲ್ಲಿ ಬರೆದಿದ್ದಾರೆ?" ಅಂತ ಕೇಳಿದರು.

ಎಲ್ಲಿವೆ? ಒಂದೇ ದಿನದಲ್ಲಿ ಆಗುತ್ತದಾ? ಹೂ ಇಡಬಹುದಾ?

ರೀಡಿಂಗ್_ರಾಯರು:

ಆ ದಿನ ನಾನೂ ಲಂಡನ್ನಿನಲ್ಲಿದ್ದೆ ತಾಯಿ. ಫೋನು ಸಿಗುತ್ತಿರಲಿಲ್ಲ, ಸಂಜೆ ಎಲ್ಲರೂ ನಡೆದುಕೊಂಡೇ ಮನೆ ಸೇರಿದೆವು.

ಬೆಳಗ್ಗೆ 8:50ರ ಸುಮಾರಿಗೆ ಮೂರು ಸುರಂಗ ರೈಲುಗಳಲ್ಲಿ ಸಿಡಿಯಿತು. ಆಲ್ಡ್‌ಗೇಟ್ ಬಳಿ 7, ಎಡ್ಜ್‌ವೇರ್ ರೋಡ್ ಬಳಿ 6, ಕಿಂಗ್ಸ್ ಕ್ರಾಸ್ ಮತ್ತು ರಸೆಲ್ ಸ್ಕ್ವೇರ್ ನಡುವೆ 26 ಜನ ಹೋದರು. ಬಸ್ಸಿನಲ್ಲಿ 9:47ಕ್ಕೆ. ಅದು ಸ್ಕ್ವೇರಿಗೆ ಬರುವ ಬಸ್ಸೇ ಅಲ್ಲ. ಯೂಸ್ಟನ್ ರೋಡ್ ಮುಚ್ಚಿದ್ದರಿಂದ ಆ ಕಡೆ ತಿರುಗಿಸಿದ್ದರು. ಎದುರಿಗಿರುವುದು ವೈದ್ಯರ ಸಂಘದ ಕಟ್ಟಡ, ಒಳಗಿದ್ದ ಡಾಕ್ಟರುಗಳೇ ಓಡಿ ಬಂದು ಗಾಯಾಳುಗಳನ್ನು ನೋಡಿದರು. ಮೊದಲು ಫಲಕ ಆ ಕಟ್ಟಡದ ಕಂಬಿಗಳ ಮೇಲಿತ್ತು. ನೀವು ನೋಡಿದ್ದು 2018ರಲ್ಲಿ ಪಾರ್ಕಿನೊಳಗೆ ಮಾಡಿದ್ದು.

ಆ ಸ್ಟೇಷನ್ನುಗಳಲ್ಲೂ ಫಲಕಗಳಿವೆ. ಸಿಬ್ಬಂದಿಯನ್ನು ಕೇಳಿ, ತೋರಿಸುತ್ತಾರೆ. ಒಂದು ಎಚ್ಚರ: ಎಡ್ಜ್‌ವೇರ್ ರೋಡ್ ಹೆಸರಿನ ಸ್ಟೇಷನ್ ಎರಡಿವೆ. ಸರ್ಕಲ್ ಲೈನಿನದ್ದಕ್ಕೇ ಹೋಗಿ.

ಹೈಡ್ ಪಾರ್ಕಿಗೆ ಮಾತ್ರ ಸಾಕಷ್ಟು ಹೊತ್ತು ಇಟ್ಟುಕೊಳ್ಳಿ. 52 ಜನರಿಗೆ 52 ಸ್ಟೀಲ್ ಕಂಬ, ಒಂದೊಂದೂ ಮೂರೂವರೆ ಮೀಟರ್ ಎತ್ತರ. ನಾಲ್ಕು ಜಾಗಕ್ಕೆ ನಾಲ್ಕು ಗುಂಪು. ಕೈಯಾಡಿಸಿ ನೋಡಲಿ, ಎರಕದ ಮೈ ಒಂದರ ಹಾಗೆ ಇನ್ನೊಂದಿಲ್ಲ. ಕಂಬದ ಮೇಲೆ ದಿನ, ಹೊತ್ತು, ಜಾಗ ಮಾತ್ರ ಇದೆ. ಹೆಸರುಗಳು ಕೊನೆಯ ಫಲಕದಲ್ಲಿವೆ. ಹೂ ಧಾರಾಳವಾಗಿ ಇಡಿ, ಜನ ಇಡುತ್ತಾರೆ.

ಕಲ್ಲುಕೆಲಸ_ದಾವಣಗೆರೆ:

ನಾನು ಕಲ್ಲಿನ ಮೇಲೆ ಹೆಸರು ಕೊರೆಯುವವನು, ಲಂಡನ್ ನೋಡಿಲ್ಲ. ಆದರೆ ನಿಮ್ಮ ಮಾವ ಕೇಳಿದ ಪ್ರಶ್ನೆ ಮನಸ್ಸಿಗೆ ನಾಟಿತು.

ಒಮ್ಮೆ ಒಬ್ಬ ತಾಯಿಗೆ ಅವರ ಮಗನ ಕಲ್ಲು ಮಾಡಿಕೊಟ್ಟೆ. ಹೆಸರು ಶ್ರೀಧರ. ಅವರಿಗೆ ಓದು ಅಷ್ಟಕ್ಕಷ್ಟೇ. ಬೆರಳಿನಿಂದ ಒಂದೊಂದೇ ಅಕ್ಷರ ತಡವುತ್ತಾ ಬಂದರು. ನಡುವೆ ಬೆರಳು ನಿಂತಿತು. ನಾನು 'ಧ'ದ ಹೊಟ್ಟೆ ಸೀಳಿರಲಿಲ್ಲ, 'ದ' ಆಗಿತ್ತು. ಒಂದೇ ಗೀಟು. ಅವರು ಬೈಯಲಿಲ್ಲ, ಸುಮ್ನೆ ನನ್ನ ಮುಖ ನೋಡಿದರು. ಆ ರಾತ್ರಿಯೇ ಕೂತು ತಿದ್ದಿದೆ.

ಪ್ಯಾರಿಸ್ಸಿನಲ್ಲೂ ಹೀಗಾಗಿತ್ತು. 2016ರ ಜನವರಿಯಲ್ಲಿ ಶಾರ್ಲಿ ಎಬ್ಡೋ ಪತ್ರಿಕೆಯ ಹಳೇ ಆಫೀಸಿನ ಗೋಡೆಗೆ, ಹಿಂದಿನ ವರ್ಷ ಅಲ್ಲಿ ನಡೆದ ದಾಳಿಯಲ್ಲಿ ಸತ್ತವರ ಹೆಸರಿನ ಫಲಕ ಹಾಕಿದರು. ವ್ಯಂಗ್ಯಚಿತ್ರಕಾರ ವೊಲಿನ್ಸ್ಕಿ ಹೆಸರಿನ ಕೊನೇ ಅಕ್ಷರ ಐ ಬದಲು ವೈ ಆಗಿತ್ತು. ಫಲಕ ಮುಚ್ಚಿ, ಸರಿ ಮಾಡಿದರು.

ನಮ್ಮ ಬೇಗೂರಿನ ವೀರಗಲ್ಲಿನಲ್ಲೂ ಬೆಂಗಳೂರು ಕಾಳಗದಲ್ಲಿ ಸತ್ತವನ ಹೆಸರಿದೆ, ಸಾವಿರಕ್ಕೂ ಹೆಚ್ಚು ವರ್ಷ ಆಯಿತು. ಅವನು ಕಾದಾಡಿ ಸತ್ತವನು. ನೀವು ಹೇಳುವವರು ಆಫೀಸಿಗೆ ಹೊರಟವರು. ಅವರ ಹೆಸರನ್ನು ಇನ್ನೂ ಜೋಪಾನವಾಗಿ ಬರೆಯಬೇಕು ಅಲ್ವಾ?

ಯೂಸ್ಟನ್_ಸೊಸೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಹೋಗಿ ಬಂದೆವು.

ಆಲ್ಡ್‌ಗೇಟಿನಲ್ಲಿ ಮಾವ ಕನ್ನಡಕ ಬದಲಿಸಿಕೊಂಡು ಏಳೂ ಹೆಸರು ಬಾಯಿಬಿಟ್ಟು ಓದಿದರು. ಉಚ್ಚಾರ ತಪ್ಪಬಾರದು ಅಂತ ಒಂದನ್ನು ಎರಡು ಸಲ ಓದಿದರು. ಹೈಡ್ ಪಾರ್ಕಿನಲ್ಲಿ ಮಾತಾಡಲಿಲ್ಲ. ಕಂಬಕ್ಕೆ ಅಂಗೈ ಒತ್ತಿ ಬಹಳ ಹೊತ್ತು ನಿಂತರು, ತಣ್ಣಗಿದೆ ಅಂದರು.

ಬಿಳಿ ಸೇವಂತಿಗೆ ತಂದಿದ್ದೆವು. ಕೊನೆಗೆ ಟ್ಯಾವಿಸ್ಟಾಕ್ ಸ್ಕ್ವೇರಿನಲ್ಲಿ 13 ಹೆಸರಿನ ಮುಂದೆ ಇಟ್ಟೆವು. ಒಂದನ್ನು ಅವರು ಕೈಯಲ್ಲೇ ಉಳಿಸಿಕೊಂಡಿದ್ದರು. ಗಾಂಧೀಜಿ ಮೂರ್ತಿಯ ಪೀಠದಲ್ಲಿ ಹೂವಿಡಲೆಂದೇ ಒಂದು ಗೂಡಿದೆ. ಅದರೊಳಗೆ ಇಟ್ಟು, "ಇದು ಮಾಹಿಮ್‌ದು" ಅಂದರು.

ರಸೆಲ್ ಸ್ಕ್ವೇರ್ ಆಗಲಿಲ್ಲ, ಮೊಣಕಾಲು ಊದಿತ್ತು. ಶನಿವಾರ ಹೋಗುತ್ತೇವೆ.