ಕಾಗದದ ‘ದಪ್ಪ’ವೋ ‘ತೂಕ’ವೋ: ಜಿಎಸ್‌ಎಂಗೆ ಕನ್ನಡದಲ್ಲಿ ಏನೆನ್ನೋಣ?

ಮಾನ್ಯರೇ,

ನಮ್ಮ ಬಡಾವಣೆಯ ಸಂಘದ ಕಚೇರಿಗೆ ಪ್ರಿಂಟರ್ ಕಾಗದ ತರುವವರಿಗಾಗಿ ಒಂದು ಪುಟದ ಸೂಚನೆಯನ್ನು ಕನ್ನಡದಲ್ಲಿ ಬರೆಯಲು ಕುಳಿತವನಿಗೆ ಮೊದಲ ಸಾಲಿನಲ್ಲೇ ತೊಡಕಾಗಿದೆ. ಪೊಟ್ಟಣದ ಮೇಲಿನ ‘75 ಜಿಎಸ್‌ಎಂ’, ‘80 ಜಿಎಸ್‌ಎಂ’ ಎಂಬುದನ್ನು ಅಂಗಡಿಯವರೂ ಜೆರಾಕ್ಸ್‌ನವರೂ ದಪ್ಪವೆಂದೇ ತಿಳಿಯುತ್ತಾರೆ. “ಎಪ್ಪತ್ತೈದು ತೆಳು ಸಾರ್, ಎಂಬತ್ತು ತಗೊಳ್ಳಿ, ದಪ್ಪ ಇರುತ್ತೆ” ಎಂಬ ಮಾತು ಎಲ್ಲರಿಗೂ ಪರಿಚಿತ. ನಾನೂ ‘ಕಾಗದದ ದಪ್ಪ: 80 ಜಿಎಸ್‌ಎಂ’ ಎಂದು ಬರೆದು, ಆಮೇಲೆ ಹೊಡೆದುಹಾಕಿದೆ.

ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಎ4 ಸರಣಿಯ ದೊಡ್ಡ ಹಾಳೆಯಾದ ಎ0ರ ವಿಸ್ತೀರ್ಣ ಒಂದು ಚದರ ಮೀಟರ್. ಅದನ್ನು ನಾಲ್ಕು ಸಲ ಅರ್ಧಕ್ಕೆ ಮಡಿಸುತ್ತ ಹೋದರೆ 16 ಎ4 ಹಾಳೆಗಳಷ್ಟಾಗುತ್ತದೆ. ಆದ್ದರಿಂದ 80 ಜಿಎಸ್‌ಎಂನ ಒಂದು ಎ4 ಹಾಳೆ 5 ಗ್ರಾಂ, 500 ಹಾಳೆಗಳ ರೀಮು ಎರಡೂವರೆ ಕಿಲೋ. 75ರದ್ದು ಸುಮಾರು 2.34 ಕಿಲೋ. ದಪ್ಪವನ್ನು ಅಳೆಯುವುದು ಮೈಕ್ರಾನ್‌ಗಳಲ್ಲಿ (ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಅದು ಬೇರೆಯೇ ಗುಣ. ಬೇರೆ ಬೇರೆ ಕಂಪನಿಗಳ ಎರಡು 75 ಜಿಎಸ್‌ಎಂ ರೀಮುಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ತೂಕ ಒಂದೇ ಬಂತು, ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟರೆ ಒಂದು ಇನ್ನೊಂದಕ್ಕಿಂತ ಬೆಂಕಿಕಡ್ಡಿಯ ದಪ್ಪದಷ್ಟು ಎತ್ತರವಾಗಿತ್ತು. ಹೆಚ್ಚು ಒತ್ತಿ ನಯಗೊಳಿಸಿದ ಕಾಗದ ತೆಳ್ಳಗಾಗುತ್ತದೆಯೇ ಹೊರತು ಹಗುರವಾಗುವುದಿಲ್ಲ.

ಹಾಗಾದರೆ ಪದ ಯಾವುದು? ಬರಿದೇ ‘ತೂಕ’ ಎಂದರೆ ಓದುವವರು ಪೊಟ್ಟಣದ ತೂಕವೆಂದುಕೊಳ್ಳುತ್ತಾರೆ. ‘ಚದರತೂಕ’ ಎಂದು ಕಟ್ಟಿದೆ, ಕಿವಿಗೆ ಹಿತವಾಗಿಯೇ ಇದೆ. ಆದರೆ ಮನೆ ಕಟ್ಟಿಸುವವರ ಬಾಯಲ್ಲಿ ‘ಚದರ’ವೆಂದರೆ ನೂರು ಚದರಡಿ, ‘ಹನ್ನೆರಡು ಚದರದ ಮನೆ’ ಎನ್ನುವವರಿಗೆ ಇದು ಏನೆನಿಸೀತು? ‘ಹರವುತೂಕ’ ಎಂದರೆ ಗೊಂದಲವಿಲ್ಲ, ಆದರೆ ಯಾರೂ ಆಡದ ಮಾತಾದೀತೆಂಬ ಅಳುಕಿದೆ. ಜನ ಬಳಸುವ ‘ಗಟ್ಟಿ ಕಾಗದ’ದಲ್ಲಿರುವ ‘ಗಟ್ಟಿ’ ತೂಕವನ್ನೂ ಹೇಳುವುದಿಲ್ಲ, ದಪ್ಪವನ್ನೂ ಹೇಳುವುದಿಲ್ಲ. ಕೈಯಲ್ಲಿ ಹಿಡಿದರೆ ಹಾಳೆ ಬಾಗದೆ ನಿಲ್ಲುವ ಗುಣವನ್ನು ಹೇಳುತ್ತದೆ. ಕೊಳ್ಳುವವರಿಗೆ ಬೇಕಾದದ್ದೂ ಬಹುಮಟ್ಟಿಗೆ ಅದೇ ಎಂಬುದು ನನ್ನ ಅನಿಸಿಕೆ.

ಎರಡನೆಯ ತೊಡಕು ಬ್ರೈಟ್‌ನೆಸ್‌ನದು. ಇದನ್ನು ‘ಹೊಳಪು’ ಎಂದು ಬರೆದವರಿದ್ದಾರೆ. ಅದನ್ನು ನಂಬಿ ಹೋದವರು ಫೋಟೋ ಅಚ್ಚುಹಾಕುವ ಮಿರುಗುವ ಕಾಗದವನ್ನು ಕೊಂಡು ತಂದಾರು. ‘ಬಿಳುಪು’ ಎನ್ನಬಹುದಿತ್ತು, ಆದರೆ ವೈಟ್‌ನೆಸ್ ಎಂಬ ಅಳತೆ ಬೇರೆಯೇ ಇರುವುದರಿಂದ ಆ ಪದವನ್ನು ಅದಕ್ಕೆ ಮೀಸಲಿಡಬೇಕು. ಬ್ರೈಟ್‌ನೆಸ್ ಅಳೆಯುವುದು 457 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕನ್ನು ಕಾಗದ ಎಷ್ಟು ಮರಳಿಸುತ್ತದೆ ಎಂಬುದನ್ನು ಮಾತ್ರ. ಬೆಳ್ಳಗೆ ಕಾಣಲೆಂದು ಬೆರೆಸುವ ರಾಸಾಯನಿಕ ಈ ನೀಲಿ ಬೆಳಕನ್ನೇ ಹೆಚ್ಚಿಸುವುದರಿಂದ ಅಂಥ ಕಾಗದವು ನೀಲಿ ಹಾಕಿ ಒಗೆದ ಪಂಚೆಯಂತೆ ಕಾಣುತ್ತದೆ. ಹೀಗಿರುವಾಗ ‘ನೀಲಿಬಿಳುಪು’ ಎಂದರೆ ಅತಿಯಾದೀತೇ?

ಮೂರನೆಯದು ಒಪ್ಯಾಸಿಟಿ. ಎರಡೂ ಬದಿಗೆ ಅಚ್ಚುಹಾಕುವವರು ಜಿಎಸ್‌ಎಂಗಿಂತ ಮೊದಲು ನೋಡಬೇಕಾದದ್ದು ಇದನ್ನೇ. ಪಠ್ಯಪುಸ್ತಕದ ‘ಅಪಾರದರ್ಶಕತೆ’ ತಪ್ಪಲ್ಲ; ಆದರೆ ಮನೆಯಲ್ಲಿ ನಾವು ಹೇಳುವುದು ‘ಹಿಂದಿನ ಅಕ್ಷರ ಮುಂದೆ ಕಾಣುತ್ತೆ’ ಎಂದು. ಅದನ್ನೇ ತಿರುಗಿಸಿ ‘ಈ ಕಾಗದಕ್ಕೆ ಮರೆ ಸಾಲದು’ ಎಂದು ಬರೆದಿದ್ದೇನೆ. ಈ ‘ಮರೆ’ಯನ್ನು ಬಿಡಲು ಮನಸ್ಸಿಲ್ಲ.

‘ಕಾಗದ’ವನ್ನು ವಸ್ತುವಿಗೂ ‘ಹಾಳೆ’ಯನ್ನು ಎಣಿಕೆಗೂ ಇಟ್ಟುಕೊಂಡಿದ್ದೇನೆ, ಅಡಿಕೆ ಸೀಮೆಯವರು ಹಾಳೆಯೆಂದರೆ ಮರದಿಂದ ಬಿದ್ದದ್ದನ್ನು ನೆನೆದರೂ ಅಡ್ಡಿಯಿಲ್ಲ. ಹಿಂದೆ 24 ಹಾಳೆಗೆ ಒಂದು ದಸ್ತು, 20 ದಸ್ತಿಗೆ ಒಂದು ರೀಮು ಎಂದು 480 ಆಗುತ್ತಿತ್ತು. ಈಗಿನ ರೀಮು 500 ಆದ್ದರಿಂದ ದಸ್ತನ್ನು ಕೈಬಿಟ್ಟೆ.

ಅಚ್ಚುಕೂಟದಲ್ಲಿ ದುಡಿದವರು ಅಥವಾ ದಾಂಡೇಲಿ, ಭದ್ರಾವತಿಯ ಕಾಗದ ಕಾರ್ಖಾನೆಗಳ ಒಡನಾಟವಿದ್ದವರು ನಮ್ಮಲ್ಲಿದ್ದರೆ, ಅಲ್ಲಿನ ಕೆಲಸಗಾರರು ಜಿಎಸ್‌ಎಂ ಎನ್ನದೆ ಬೇರೆ ಮಾತು ಬಳಸುತ್ತಿದ್ದರೇ ಎಂದು ದಯವಿಟ್ಟು ತಿಳಿಸಿ.