ನಮ್ಮ ಸಂಸದರು ಯಾವ ಮಸೂದೆಗೆ ಹೇಗೆ ಮತ ಹಾಕಿದರು?

ಪ್ರಶ್ನೆ: ನಮ್ಮ ಲೋಕಸಭಾ ಸದಸ್ಯರು ಕಳುಹಿಸುವ ವಾಟ್ಸಾಪ್ ಸಂದೇಶಗಳಲ್ಲಿ ಉದ್ಘಾಟನೆಯ ಚಿತ್ರಗಳು ಧಾರಾಳವಾಗಿದ್ದರೂ, ಮಸೂದೆಗಳ ಮೇಲೆ ಅವರು ಹೇಗೆ ಮತ ಚಲಾಯಿಸಿದರೆಂಬ ಸುದ್ದಿಯೇ ಇರುವುದಿಲ್ಲ. ಅದನ್ನು ತಿಳಿಯುವ ಬಗೆ ಯಾವುದು?

ಉತ್ತರ 1: ಬಹುಪಾಲು ಮಸೂದೆಗಳು ಧ್ವನಿಮತದಿಂದ (ಸದಸ್ಯರು ಒಟ್ಟಾಗಿ ‘ಹೌದು’ ಅಥವಾ ‘ಇಲ್ಲ’ ಎಂದು ಕೂಗುವ ಮೂಲಕ) ಅಂಗೀಕಾರವಾಗುವುದರಿಂದ ಯಾರು ಯಾವ ಕಡೆಗಿದ್ದರೆಂಬ ದಾಖಲೆ ಉಳಿಯುವುದೇ ಇಲ್ಲ. ಸದಸ್ಯರು ಪಟ್ಟು ಹಿಡಿದು ಮತವಿಭಜನೆ (ಪ್ರತಿಯೊಬ್ಬರ ಮತವನ್ನೂ ಎಣಿಸುವುದು) ಕೇಳಿದಾಗ, ಅಥವಾ ಸಂವಿಧಾನ ತಿದ್ದುಪಡಿಯಂತಹ ಸಂದರ್ಭದಲ್ಲಿ ಮಾತ್ರ ಹೆಸರುಗಳು ಕಲಾಪದ ವರದಿಯಲ್ಲಿ ಸಿಗುತ್ತವೆ. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿ ಮಸೂದೆಗೆ ಪರವಾಗಿ 454, ವಿರುದ್ಧವಾಗಿ 2 ಮತಗಳು ಬಿದ್ದದ್ದು ಹೀಗೆ ದಾಖಲಾಯಿತು.

ಉತ್ತರ 2: ದಾಖಲೆ ಸಿಕ್ಕರೂ ಅದರ ಬೆಲೆ ಅಷ್ಟಕ್ಕಷ್ಟೇ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ (ಪಕ್ಷಾಂತರ ನಿಷೇಧ ನಿಯಮದ) ಪ್ರಕಾರ ಪಕ್ಷದ ವಿಪ್, ಅಂದರೆ ಹೀಗೆಯೇ ಮತ ಹಾಕಬೇಕೆಂಬ ಆದೇಶ, ಮೀರಿ ಮತ ಹಾಕಿದವರು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದಾದ್ದರಿಂದ, ಆ ಮತ ವ್ಯಕ್ತಿಯ ನಿಲುವಿಗಿಂತ ಪಕ್ಷದ ಆದೇಶವನ್ನೇ ಹೇಳುತ್ತದೆ. ನಿಮ್ಮ ಸಂಸದರು ಸದನದಲ್ಲಿ ಕೇಳಿದ ಪ್ರಶ್ನೆಗಳನ್ನು ಓದುವುದು ಮೇಲು. ಅವು ಸಂಸತ್ತಿನ ಜಾಲತಾಣದಲ್ಲಿ ಉತ್ತರಸಮೇತ ಲಭ್ಯವಿವೆ. (ಸಚಿವರಾದವರು ಪ್ರಶ್ನೆ ಕೇಳುವುದಿಲ್ಲ, ಅದು ಬೇರೆ ಮಾತು.)

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಆದರೂ ವಿಪ್ ಇತ್ತೆಂಬುದನ್ನಾದರೂ ಮತದಾರರಿಗೆ ತಿಳಿಸಬಾರದೇಕೆ ಎಂದು ಅವರಿಗೇ ಪತ್ರ ಬರೆಯುತ್ತೇನೆ.